ಕಾಲುವೆಯ ಕೊನೆ ಭಾಗದ ನೀರಿನ ಕೊರತೆಯನ್ನು ಉಪಗ್ರಹದಿಂದ ತೋರಿಸಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಸಿಂಧನೂರು ತಾಲೂಕಿನ ಒಂದು ನೀರು ಬಳಕೆದಾರರ ಸಂಘದಲ್ಲಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ನಮ್ಮದು. ಬೇಸಿಗೆ ಭತ್ತಕ್ಕೆ ಮೇಲಿನವರಿಗೆ ಸಿಗುವಷ್ಟು ನೀರು ನಮಗೆ ಬರುವುದಿಲ್ಲ. ಗದ್ದೆಯಿಂದ ಎಷ್ಟು ನೀರು ಆವಿಯಾಗುತ್ತದೆ ಅಂತ ಉಪಗ್ರಹದಿಂದ ತಿಳಿಯಬಹುದಂತೆ. ನಮ್ಮ ಕೊರತೆಗೆ ಅದು ಸಾಕ್ಷಿ ಆಗುತ್ತದಾ?

ಉತ್ತರ: ನಮಸ್ಕಾರ. ಆಗುತ್ತದೆ, ಸರಿಯಾಗಿ ಹೋಲಿಸಿದರೆ ಮಾತ್ರ.

ಉಪಗ್ರಹ ಆವಿಯನ್ನು ನೇರವಾಗಿ ಅಳೆಯುವುದಿಲ್ಲ, ನೆಲದ ಬಿಸಿಯನ್ನು ಅಳೆಯುತ್ತದೆ. ಬಿಸಿಲಿನಿಂದ ಬಂದ ಶಕ್ತಿಯಲ್ಲಿ ಒಂದಿಷ್ಟು ಮಣ್ಣನ್ನು ಕಾಯಿಸುತ್ತದೆ, ಒಂದಿಷ್ಟು ಗಾಳಿಯನ್ನು ಕಾಯಿಸುತ್ತದೆ, ಉಳಿದದ್ದು ನೀರನ್ನು ಆವಿ ಮಾಡುತ್ತದೆ. ಮೊದಲ ಎರಡನ್ನು ಕಳೆದರೆ ಆವಿಯ ಲೆಕ್ಕ ಸಿಗುತ್ತದೆ. ನೆದರ್ಲೆಂಡ್ಸ್‌ನ ವಿಜ್ಞಾನಿ ಬಾಸ್ಟಿಯಾನ್ಸನ್ 1990ರ ದಶಕದಲ್ಲಿ ರೂಪಿಸಿದ ಸೆಬಾಲ್ ವಿಧಾನ ಇದೇ. ನೀರು ಸಾಕಷ್ಟಿರುವ ಗದ್ದೆ ತಂಪಾಗಿ ಕಾಣುತ್ತದೆ, ಬಾಯಾರಿದ ಗದ್ದೆ ಬಿಸಿಯಾಗಿ. ದಿನಕ್ಕೆ 6 ಮಿ.ಮೀ. ಆವಿ ಅಂದರೆ ಎಕರೆಗೆ ಸುಮಾರು 24 ಸಾವಿರ ಲೀಟರ್.

ಅಮೆರಿಕದ ಉಪಗ್ರಹಗಳಾದ ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ 8 ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ಕೊಡುತ್ತವೆ, ಅದೂ ಉಚಿತವಾಗಿ. ಮುಂಗಾರಿನಲ್ಲಿ ಮೋಡ ಕಾಟ ಕೊಡುತ್ತದೆ. ನಿಮ್ಮದು ಬೇಸಿಗೆ ಬೆಳೆ, ಆಕಾಶ ತಿಳಿಯಾಗಿರುತ್ತದೆ, ಅದು ಅನುಕೂಲ.

ಎಡವುವುದು ಹೋಲಿಕೆಯಲ್ಲಿ. ನಿಮ್ಮ ಕಡೆ ನೀರು ತಡವಾಗಿ ಬರುವುದರಿಂದ ನಾಟಿಯೂ ತಡ, ಅಲ್ವಾ? ಮೇಲ್ಭಾಗದಲ್ಲಿ ತೆನೆ ಬರುವಾಗ ನಿಮ್ಮ ಪೈರು ಇನ್ನೂ ಚಿಕ್ಕದಿರಬಹುದು. ಒಂದೇ ದಿನದ ಚಿತ್ರ ಹಿಡಿದು ಹೋಲಿಸಿದರೆ ವಾದ ನಿಲ್ಲುವುದಿಲ್ಲ. ನಾಟಿಯಾಗಿ ಎಷ್ಟು ದಿನ ಆಯಿತು ಅನ್ನುವುದರ ಮೇಲೆ ಹೋಲಿಸಿ. ನೀರಿಲ್ಲದೆ ಕೆಲವರು ಜೋಳ, ಕಡಲೆ ಹಾಕಿರುತ್ತಾರೆ. ಆ ಹೊಲಗಳನ್ನು ಬೇರೆ ತೆಗೆಯಬೇಕು. ಅದಕ್ಕೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಸಾಕು, ಅವುಗಳಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್ ಚೌಕ.

ಪ್ರಶ್ನೆ: ಹಾಗಾದರೆ ಯಾವ ರೈತ ಎಷ್ಟು ನೀರು ಬಳಸಿದ ಅಂತಲೂ ಹೇಳಬಹುದಾ? ಅದರ ಮೇಲೆ ನೀರಿನ ಕರ ಹಾಕಬಹುದಾ ಅಂತ ಸಂಘದಲ್ಲಿ ಕೆಲವರು ಕೇಳುತ್ತಿದ್ದಾರೆ.

ಉತ್ತರ: ದಯವಿಟ್ಟು ಬೇಡ. ಅದು ಅನ್ಯಾಯವಾಗುತ್ತದೆ. ಲ್ಯಾಂಡ್‌ಸ್ಯಾಟ್‌ನ ಬಿಸಿ ಅಳೆಯುವ ಕಣ್ಣಿಗೆ ಒಂದು ಚುಕ್ಕಿ ಅಂದರೆ 100 ಮೀಟರ್ ಚೌಕ, ಸುಮಾರು ಎರಡೂವರೆ ಎಕರೆ. ಒಂದೆಕರೆ ಗದ್ದೆಯ ಲೆಕ್ಕದಲ್ಲಿ ಪಕ್ಕದವರ ಗದ್ದೆಯೂ ಸೇರಿಹೋಗುತ್ತದೆ. ಇನ್ನೊಂದು, ಆವಿಯಾದದ್ದಷ್ಟೇ ಇದರಲ್ಲಿ ಬರುತ್ತದೆ. ಭತ್ತದ ಗದ್ದೆಯಲ್ಲಿ ಕೆಳಕ್ಕೆ ಇಂಗಿದ ನೀರು, ಬದು ಒಡೆದು ಹಳ್ಳಕ್ಕೆ ಹರಿದ ನೀರು ಕಾಣುವುದೇ ಇಲ್ಲ. ಸುಮ್ನೆ ನೀರು ಬಿಟ್ಟು ಪೋಲು ಮಾಡಿದವನೂ, ಹಿತಮಿತವಾಗಿ ಬಳಸಿದವನೂ ನಕ್ಷೆಯಲ್ಲಿ ಒಂದೇ ತರ ಕಾಣಬಹುದು. ಇಡೀ ವಿತರಣಾ ಕಾಲುವೆಯ ಮೇಲ್ಭಾಗ, ಕೊನೆ ಭಾಗ ಅಂತ ನೂರಾರು ಎಕರೆಯ ಸರಾಸರಿ ತೆಗೆದರೆ ಮಾತ್ರ ನಂಬಬಹುದು.

ಈ ಹಂಗಾಮಿನಿಂದಲೇ ಎರಡೂ ಕಡೆಯ ನಾಟಿ ದಿನಾಂಕ, ಕಾಲುವೆಗೆ ನೀರು ಬಂದ ದಿನಗಳನ್ನು ಬರೆದಿಡಿ. ಅದನ್ನು ಹಿಡಿದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ವಿಭಾಗದವರನ್ನು ಕೇಳಿ.