ಕಾಳಜಿ ಕೇಂದ್ರದ ಮಕ್ಕಳಿಗೆ ಹಾಲಿನ ಪುಡಿ ಕೊಡಬಹುದಾ?

ಲಿಂಗಸುಗೂರು ಹುಡುಗ

ಎಲ್ಲರಿಗೂ ನಮಸ್ಕಾರ. ಹೊಳೆ ತುಂಬಿ ನಡುಗಡ್ಡೆ ಕಡೆಯ ಕೆಲವು ಮನೆಯವರನ್ನು ಇಲ್ಲಿನ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಕರೆತಂದಿದ್ದಾರೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ, ನಾರಾಯಣಪುರ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, 2019ರಲ್ಲಿ ನೋಡಿದ್ದೇವಲ್ಲ. ನಮ್ಮ ಓಣಿಯವರು ಸೇರಿ ಹದಿನೆಂಟು ಸಾವಿರ ಕೂಡಿಸಿದ್ದೇವೆ. ಪೂರ್ತಿ ಮಕ್ಕಳಿಗೇ ಖರ್ಚು ಮಾಡಬೇಕು ಅಂತ ಆಸೆ. ಹಾಲಿನ ಪುಡಿ ಡಬ್ಬಿ, ಹಾಲಿನ ಬಾಟಲ್, ಬಿಸ್ಕತ್ತು, ಹಳೆ ಬಟ್ಟೆ ಅಂತ ಪಟ್ಟಿ ಮಾಡಿದ್ದೇವೆ.

ನಿನ್ನೆ ನಾನೇ ಹೋಗಿ ನೋಡಿ ಬಂದೆ. ಕರಿಹಲಗೆ ಕೆಳಗೆ ಒಬ್ಬ ತಾಯಿ ಕೂಸಿಗೆ ಕೌದಿ ಸುತ್ತಿಕೊಂಡು ಕೂತಿದ್ದಳು. ಕೌದಿಯ ಒಂದು ಮೂಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿದ ಮೇಲೆ ತಡ ಮಾಡಬಾರದು ಅನ್ನಿಸಿತು. ನಾಳೆ ಸಂತೆಗೆ ಹೋಗುವ ಮೊದಲು ತಿಳಿದವರು ಹೇಳಿ.

ಸಿಂಧನೂರು ನರ್ಸ್

ತಮ್ಮಾ, ಮೊದಲು ಆ ಪುಡಿ ಡಬ್ಬಿ, ಬಾಟಲ್ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಬೇಜಾರು ಮಾಡ್ಕೋಬೇಡಿ, ಎಲ್ಲರೂ ಪ್ರೀತಿಯಿಂದಲೇ ತರುತ್ತಾರೆ. ಆದರೆ ಪುಡಿ ಕಲಸುವ ನೀರು ಎಲ್ಲಿಂದ ಬರುತ್ತೆ ಯೋಚಿಸಿ. ಬೋರಿಗೆ ಹೊಳೆ ನೀರು ನುಗ್ಗಿರುತ್ತೆ, ಬಾಟಲ್ ಕುದಿಸೋಕೆ ಒಲೆ ಇರಲ್ಲ, ನಿಪ್ಪಲ್ ಮೇಲೆ ನೊಣ ಕೂರುತ್ತೆ. ಆ ನೀರಲ್ಲಿ ಕಲಸಿದ ಹಾಲು ಕುಡಿದ ಕೂಸಿಗೆ ಭೇದಿ ಶುರುವಾದರೆ ಎರಡೇ ದಿನದಲ್ಲಿ ಕಣ್ಣು ಗುಳಿ ಬೀಳುತ್ತೆ. ಇತ್ತ ತಾಯಿ ಎದೆಹಾಲು ಕೊಡೋದು ಕಡಿಮೆ ಮಾಡಿದಷ್ಟೂ ಹಾಲು ಬತ್ತುತ್ತೆ. ಇನ್ನೊಂದು ಮಾತು, 1992ರ ಕಾಯ್ದೆ ಪ್ರಕಾರ ಎಳೆ ಮಕ್ಕಳ ಹಾಲಿನ ಪುಡಿ, ಬಾಟಲ್ ಇವನ್ನು ಅನಾಥಾಲಯ ಬಿಟ್ಟು ಬೇರೆಯವರಿಗೆ ಹೀಗೆ ಹಂಚುವ ಹಾಗೇ ಇಲ್ಲ.

ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೇ ಸಾಕು, ನೀರೂ ಬೇಡ. ನೀವು ಆ ತಾಯಿಯ ಹೊಟ್ಟೆ ತುಂಬಿಸಿ. ಬಿಸಿ ಅನ್ನ, ಬೇಳೆ, ಮೊಟ್ಟೆ, ಶೇಂಗಾ ಉಂಡೆ, ಕುಡಿಯೋಕೆ ಒಳ್ಳೆ ನೀರು. ಕೂತು ಹಾಲು ಕುಡಿಸೋಕೆ ಒಂದು ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿಕೊಡಿ, ಅದಕ್ಕೆ ಪೈಸೆ ಖರ್ಚಿಲ್ಲ.

ಭೇದಿಯಾದ ಮಕ್ಕಳಿಗೆ ನೀರಲ್ಲಿ ಕಲಸಿ ಕುಡಿಸೋ ಓಆರ್‌ಎಸ್ ಪೊಟ್ಟಣ ತನ್ನಿ. ಒಂದು ಲೀಟರಿನದು ಬೇರೆ, 200 ಮಿಲಿಯದು ಬೇರೆ, ಪೊಟ್ಟಣದ ಮೇಲೆ ಓದಿ ಅಷ್ಟೇ ನೀರು ಹಾಕಬೇಕು. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ, ಜಾಸ್ತಿಯಾದರೆ ಮಗುವಿಗೇ ತೊಂದರೆ. ಭೇದಿಗೆ 14 ದಿನ ಜಿಂಕ್ ಮಾತ್ರೆಯೂ ಕೊಡುತ್ತಾರೆ, ಅದನ್ನು ಆಶಾ ಅಕ್ಕನ ಹತ್ತಿರ ಕೇಳಿ ಪಡೆಯಿರಿ. ದಡಾರದ ಲಸಿಕೆ ಯಾರಿಗೆ ಆಗಿಲ್ಲ ಅಂತಲೂ ಅವರ ಕೈಲೇ ವಿಚಾರಿಸಿ. ಒಂದೇ ಕೋಣೆಯಲ್ಲಿ ಅಷ್ಟು ಮಕ್ಕಳು ಮಲಗಿದರೆ ದಡಾರ ಬೇಗ ಹಬ್ಬುತ್ತೆ.

ಮಾನ್ವಿ ಅಣ್ಣ

ಮೇಡಂ, ಹೇಳಿದ್ದು ಸರಿ ಇರಬಹುದು. ಆದರೆ 2009ರ ನೆರೆಯಲ್ಲಿ ನಮ್ಮ ಅತ್ತಿಗೆ ಹೆದರಿ ಹಾಲೇ ಬರಲಿಲ್ಲ. ಕೂಸು ರಾತ್ರಿಯೆಲ್ಲ ಅತ್ತಿತು. ಆವಾಗ ಯಾರೋ ಡಬ್ಬಿ ತಂದು ಕೊಟ್ಟರು, ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇವೆ. ಪೂರ್ತಿ ಬೇಡ ಅಂದರೆ ಹೇಗೆ?

ಸಿಂಧನೂರು ನರ್ಸ್

ಅಣ್ಣಾ, ಆ ರಾತ್ರಿಯ ಸಂಕಟ ನನಗೆ ಅರ್ಥ ಆಗುತ್ತೆ. ಹೆದರಿಕೆಗೆ ಹಾಲು ಇಳಿಯೋದು ಸ್ವಲ್ಪ ಹೊತ್ತು ನಿಲ್ಲುತ್ತೆ, ನಿಜ. ಹಾಗಂತ ಬತ್ತಿ ಹೋಗಿರಲ್ಲ. ತಾಯಿಗೆ ಬಿಸಿ ಏನಾದರೂ ಕುಡಿಸಿ, ಕೂಸನ್ನು ಮೈಗೆ ಮೈ ತಾಗುವಂತೆ ಮಲಗಿಸಿ, ಮತ್ತೆ ಮತ್ತೆ ಚೀಪಲು ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಇಳಿಯುತ್ತೆ. ತಾಯಿಯೇ ಇಲ್ಲದ ಕೂಸು, ತಾಯಿಗೆ ಮೈ ಸರಿ ಇಲ್ಲದ ಕೂಸು ಇರುತ್ತವೆ, ಅವಕ್ಕೆ ಪುಡಿ ಬೇಕೇ ಬೇಕು. ಆದರೆ ಅದನ್ನು ಡಾಕ್ಟರ್ ನೋಡಿ, ಆ ಒಂದು ಕೂಸಿಗೆ ಅಂತ ಕೊಡಬೇಕು, ಕುದಿಸಿದ ನೀರಲ್ಲಿ ಕಲಸಿ ಲೋಟದಲ್ಲಿ ಕುಡಿಸಬೇಕು. ಲೋಟ ತೊಳೆಯೋದು ಸುಲಭ, ಬಾಟಲ್ ಹಾಗಲ್ಲ. ಸಿಕ್ಕ ಸಿಕ್ಕವರಿಗೆಲ್ಲ ಡಬ್ಬಿ ಹಂಚೋದು ಬೇಡ ಅಂತಷ್ಟೇ ನಾನು ಹೇಳಿದ್ದು.

ಹೊಳೆದಂಡೆಯವಳು

2009ರಲ್ಲಿ ನಾನು ಐದನೇ ಕ್ಲಾಸು. ಮಂತ್ರಾಲಯಕ್ಕೂ ನೀರು ನುಗ್ಗಿದ ಆ ಅಕ್ಟೋಬರ್. ಹನ್ನೊಂದು ದಿನ ಶಾಲೆಯಲ್ಲೇ ಇದ್ದೆವು. ಊಟ ಸಿಗುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ಪಾಯಖಾನೆ ಕಾಂಪೌಂಡಿನ ಆಚೆ ತುದಿಗೆ, ಲೈಟ್ ಇಲ್ಲ. ಕತ್ತಲಾದ ಮೇಲೆ ಹೋಗಬೇಕಾಗುತ್ತೆ ಅಂತ ನಾನೂ ನಮ್ಮಕ್ಕನೂ ಸಂಜೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಅಕ್ಕ ಆಗ ತಾನೇ ದೊಡ್ಡವಳಾಗಿದ್ದಳು. ಬಟ್ಟೆ ಬೇಕು ಅಂತ ಆ ಗಂಡಸರ ಮುಂದೆ ಹೇಗೆ ಕೇಳೋದು? ಅಮ್ಮ ತನ್ನ ಸೀರೆ ಅಂಚು ಹರಿದು ಕೊಟ್ಟಳು. ಹಾಗಾಗಿ ಟಾರ್ಚ್, ಪ್ಯಾಡ್, ಒಳಉಡುಪು ತನ್ನಿ, ಹೆಣ್ಣುಮಕ್ಕಳ ಕೈಯಿಂದಲೇ ಹಂಚಿಸಿ. ಒಳಉಡುಪು ಹೊಸದೇ ಇರಲಿ, ದಯವಿಟ್ಟು. ಹಳೆ ಬಟ್ಟೆ ಮೂಟೆ ಬಿಚ್ಚಿದಾಗ ನಮ್ಮ ಅಳತೆಯದು ಒಂದೂ ಇರಲಿಲ್ಲ.

ಇನ್ನೊಂದು ಮುಖ್ಯ ವಿಷಯ. ನಮ್ಮ ಪಕ್ಕದ ಓಣಿಯ ಹುಡುಗ ಟ್ರ್ಯಾಕ್ಟರ್ ಹತ್ತುವ ಗದ್ದಲದಲ್ಲಿ ಮನೆಯವರಿಂದ ತಪ್ಪಿಸಿಕೊಂಡಿದ್ದ. ಯಾರೋ ಒಬ್ಬರು ಬಂದು "ನಾನು ಇವನ ಮಾವ" ಅಂದರು, ಕಳಿಸಿಯೇ ಬಿಡುತ್ತಿದ್ದರು. ಹುಡುಗ ಅವರನ್ನು ಗುರುತೇ ಹಿಡಿಯಲಿಲ್ಲ ಅಂತ ನಮ್ಮಮ್ಮ ಅಡ್ಡ ನಿಂತಳು. ಮರುದಿನ ಅವನ ಅಪ್ಪನೇ ಹುಡುಕಿಕೊಂಡು ಬಂದ. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು ಅಂತ ಕಾನೂನಿದೆ. ಪಾಪ ಅಂತ ಯಾರೂ ಮನೆಗೆ ಕರಕೊಂಡು ಹೋಗೋದು ಬೇಡ. ಸಣ್ಣ ಮಕ್ಕಳ ಹೆಸರು, ಊರು, ಅಪ್ಪನ ಫೋನ್ ನಂಬರ್ ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ಕಲ್ಲಿ ಸುತ್ತಿ, ಅಂಗಿ ಒಳಗಡೆಗೆ ಪಿನ್ನು ಹಾಕಿ. ಹೊರಗೆ ಕಾಣೋ ಹಾಗೆ ಬೇಡ. ಮಕ್ಕಳ ಮುಖದ ಫೋಟೋ ಹಾಕಲೂಬೇಡಿ.

ಮತ್ತೆ ಒಂದು ಚೆಂಡು, ಬಣ್ಣದ ಪೆನ್ಸಿಲ್, ನೋಟ್ ಪುಸ್ತಕ. ನನ್ನ ಪಾಟೀಚೀಲ ಹೊಳೆಪಾಲಾಗಿತ್ತು. ಆರನೇ ದಿನ ಟೀಚರ್ ಒಬ್ಬರು ವರಾಂಡದಲ್ಲಿ ಕೂಡಿಸಿ ಮಗ್ಗಿ ಹೇಳಿಸಿದರು ನೋಡಿ, ಅವತ್ತು ರಾತ್ರಿ ನನಗೆ ಕಣ್ತುಂಬ ನಿದ್ದೆ ಬಂತು.

ಲಿಂಗಸುಗೂರು ಹುಡುಗ

ಅಕ್ಕಂದಿರಿಗೆ, ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಪಟ್ಟಿ ಹರಿದು ಹೊಸದು ಬರೆದೆ. ಇವತ್ತು ಬೆಳಿಗ್ಗೆ ನಮ್ಮಮ್ಮ, ಅಂಗನವಾಡಿ ಟೀಚರ್ ಇಬ್ಬರೂ ಹೋಗಿ ಮಕ್ಕಳನ್ನು ವಯಸ್ಸಿನ ಪ್ರಕಾರ ಎಣಿಸಿಕೊಂಡು ಬಂದರು. ಆರು ತಿಂಗಳೊಳಗಿನವು ಮೂರು, ಐದು ವರ್ಷದೊಳಗಿನವು ಹದಿನೇಳು, ದೊಡ್ಡ ಹುಡುಗಿಯರು ಒಂಬತ್ತು. ಕೌದಿಯ ತಾಯಿಗೆ ನಮ್ಮ ಮನೆಯಿಂದಲೇ ಎರಡು ಒಣ ಕೌದಿ ಕೊಟ್ಟು ಬಂದಿದ್ದಾರೆ. ಪಾಯಖಾನೆ ಹತ್ತಿರ ಬಲ್ಬ್ ಹಾಕೋಕೆ ವೈರು ಎಳೆಯಬೇಕು, ಹೆಡ್ ಮಾಸ್ತರ್ ಒಪ್ಪಿದ್ದಾರೆ. ನೆಲವೆಲ್ಲ ಒದ್ದೆ ಇದೆ, ನಾವೇ ಕೈ ಹಾಕುವ ಧೈರ್ಯ ಇಲ್ಲ. ಲಿಂಗಸುಗೂರಲ್ಲಿ ಇವತ್ತು ಸಂಜೆಯೊಳಗೆ ಬರುವ ಲೈಟಿನ ಕೆಲಸದವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ.