ಲಿ, ಲೀ, ಯಿ, ರೀ: ಇವೆಲ್ಲ ಒಂದೇ ಸರ್‌ನೇಮಾ?

ಪುಸ್ತಕದಹುಳು:
ಲೈಬ್ರರಿಯೊಂದಕ್ಕೆ ಹೆಸರುಗಳ ಪಟ್ಟಿ ಮಾಡುತ್ತಿದ್ದೇನೆ. ಲಿ, ಲೀ, ಯಿ, ರೀ ಅನ್ನುವವರನ್ನು ಬೇರೆ ಬೇರೆ ಕಡೆ ಹಾಕಿದ್ದೆ. ಅವೆಲ್ಲ ಒಂದೇ ಹೆಸರು ಅಂತ ಗೆಳೆಯನೊಬ್ಬ ತಲೆಗೆ ಹುಳ ಬಿಟ್ಟ. ಎಲ್ಲವನ್ನೂ ಒಂದೇ ಸ್ಪೆಲಿಂಗಿಗೆ ತಂದುಬಿಡಲಾ?

ಹಳೇಕಾರ್ಡು:
ಬೇಡ ಮಾರಾಯ್ರೇ! ನಾನೂ ಹೀಗೇ 'ಸರಿ' ಮಾಡಲು ಹೋಗಿ, ಆಮೇಲೆ ಎರಡು ದಿನ ಕೂತು ಕಾರ್ಡು ತಿದ್ದಿದ್ದೇನೆ.

ಗೆಳೆಯ ಹೇಳಿದ್ದು ಅರ್ಧ ನಿಜ. ಚೀನೀ ಲಿಪಿಯಲ್ಲಿ ಅದು ಒಂದೇ ಅಕ್ಷರ. ಮೇಲೆ 'ಮರ', ಅದರ ಕೆಳಗೆ 'ಮಗು'. ಅರ್ಥ ಮಾತ್ರ ಪ್ಲಮ್ ಗಿಡ. ಬೀಜಿಂಗಿನಲ್ಲಿ ಅದು ಲಿ. ಬ್ರೂಸ್ ಲೀಯದೂ ಅದೇ ಅಕ್ಷರ. ಉತ್ತರ ಕೊರಿಯಾದಲ್ಲಿ ರಿ. ದಕ್ಷಿಣದಲ್ಲಿ ಮೊದಲ ರಕಾರ ಉದುರಿ ಬರೀ 'ಇ' ಆಗಿದೆ, ಆದರೂ ಇಂಗ್ಲಿಷಿನಲ್ಲಿ ಜಾಸ್ತಿ ಜನ ಲೀ ಅಂತಲೇ ಬರೆದುಕೊಳ್ಳುತ್ತಾರೆ. 1948ರಲ್ಲಿ ಅಲ್ಲಿನ ಮೊದಲ ಅಧ್ಯಕ್ಷರಾದ ಸಿಂಗ್ಮನ್ ರೀ ಅವರದೂ ಇದೇ ಹೆಸರು.

ಇನ್ನರ್ಧದಲ್ಲೇ ನಾನು ಬಿದ್ದದ್ದು. ಇಂಗ್ಲಿಷಿನಲ್ಲಿ ಲೀ ಅನ್ನೋ ಬೇರೆಯೇ ಸರ್‌ನೇಮ್ ಇದೆ. ಕಾಡಿನ ನಡುವಿನ ಬಯಲು ಅನ್ನುವ ಹಳೇ ಮಾತಿನಿಂದ ಬಂದದ್ದು. ನಾನು ಅಮೆರಿಕದ ಅಂತರ್ಯುದ್ಧದ ಜನರಲ್ ರಾಬರ್ಟ್ ಲೀಯನ್ನು ಸುಮ್ನೆ ಕೊರಿಯಾದ ಅಧ್ಯಕ್ಷರ ಮನೆತನಕ್ಕೆ ಸೇರಿಸಿಬಿಟ್ಟಿದ್ದೆ!

ಅವರವರು ಬರೆದುಕೊಂಡ ಹಾಗೇ ಇಡಿ. ನಿಜವಾಗಿ ಒಂದೇ ಆಗಿರುವ ಕಡೆ 'ಇದನ್ನೂ ನೋಡಿ' ಅಂತ ಒಂದು ಕಾರ್ಡು ಸಿಕ್ಕಿಸಿ.

ಕುಲುಮೆ:
ಅರ್ಥ ಹಿಡಿದು ಸೇರಿಸಲೂ ಹೋಗಬೇಡಿ. ಇಂಗ್ಲಿಷಿನ ಸ್ಮಿತ್, ಜರ್ಮನಿಯ ಶ್ಮಿಟ್, ಹಂಗೇರಿಯ ಕೋವಾಚ್, ಅರಬರ ಹದ್ದಾದ್, ಎಲ್ಲರೂ ಕಮ್ಮಾರರೇ. ಇಟಲಿಯ ಫೆರಾರಿ ಕೂಡ! ಕೆಲಸ ಒಂದೇ, ಸಂಬಂಧ ಏನೂ ಇಲ್ಲ.

ಪುಸ್ತಕದಹುಳು:
ಥ್ಯಾಂಕ್ಸ್. ಹಾಗಾದರೆ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಗುಡ್ಮುಂಡ್ಸ್‌ಡೋಟಿರ್ 'ಗ'ದಲ್ಲಿ ಇರಲಿ, ಅಲ್ವಾ?

ಹಳೇಕಾರ್ಡು:
ಇಲ್ಲ, 'ಬ'ಕ್ಕೆ ಹಾಕಿ. ಅದು ಮನೆತನದ ಹೆಸರಲ್ಲ, ಗುಡ್ಮುಂಡೂರ್ ಅವರ ಮಗಳು ಅಂತ ಅಷ್ಟೇ. ಅಲ್ಲಿ ಫೋನ್ ಡೈರೆಕ್ಟರಿಯನ್ನೂ ಮೊದಲ ಹೆಸರಿನ ಮೇಲೇ ಜೋಡಿಸುತ್ತಿದ್ದರು. ಅಂದಹಾಗೆ ವಿಶ್ವಸಂಸ್ಥೆಯ ಯು ಥಾಂಟ್ ಅವರನ್ನು ಎಲ್ಲಿ ಹಾಕಿದ್ದೀರಿ? ಬರ್ಮಾದವರಿಗೆ ಸರ್‌ನೇಮೇ ಇಲ್ಲ. ಆ 'ಯು' ನಮ್ಮ 'ಶ್ರೀ' ಇದ್ದ ಹಾಗೆ.

ಪುಸ್ತಕದಹುಳು:
ಅಯ್ಯೋ! 'ಯ'ದಲ್ಲಿ ಕೂರಿಸಿದ್ದೇನೆ. ಈಗಲೇ 'ಥ'ಕ್ಕೆ ಕಳಿಸುತ್ತೇನೆ.