ಪ್ರಶ್ನೋತ್ತರ: ಆಸ್ಟ್ರೇಲಿಯಾದ ಗೋಧಿ ಹೊಲದೊಳಗೆ ಉಪ್ಪು ಎಲ್ಲಿಂದ ಬಂತು?

ಪ್ರಶ್ನೆ: ನಮಸ್ಕಾರ ಸರ್. ಸಿಡ್ನಿಯಿಂದ ಪರ್ತ್‌ಗೆ ಹೋಗುವಾಗ ವಿಮಾನದ ಕಿಟಕಿಯಿಂದ ನೋಡಿದೆ, ಗೋಧಿ ಹೊಲಗಳ ನಡುವೆ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪಟ್ಟೆಗಳು. ಪಕ್ಕದವರು "ಅದು ಉಪ್ಪು, ಮರ ಕಡಿದಿದ್ದಕ್ಕೆ ಬಂದದ್ದು" ಅಂದರು. ಸಮುದ್ರ ಅಲ್ಲಿಂದ ಎಷ್ಟೋ ದೂರ. ಮರಕ್ಕೂ ಉಪ್ಪಿಗೂ ಏನು ಸಂಬಂಧ? ನೀವು ಅಲ್ಲಿ ಅಂತರ್ಜಲದ ಕೆಲಸ ಮಾಡಿದವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಮಸ್ಕಾರ ಮೇಡಂ. ಅವರು ಹೇಳಿದ್ದು ನಿಜ. ಉಪ್ಪು ಬಹುಪಾಲು ಸಮುದ್ರದ್ದೇ, ಆದರೆ ಮೊನ್ನೆ ಮೊನ್ನೆ ಬಂದದ್ದಲ್ಲ. ಸಾವಿರಾರು ವರ್ಷ ಗಾಳಿ ಮಳೆಯ ಜೊತೆ ಚೂರುಚೂರೇ ಬಂದು, ಮಣ್ಣಿನಾಳಕ್ಕೆ ಇಳಿದು ಅಲ್ಲೇ ಕೂತಿತ್ತು. ನೆಲ ಸಪಾಟು, ತೊಳೆದು ಸಮುದ್ರಕ್ಕೆ ಒಯ್ಯುವಂಥ ನದಿಗಳಿಲ್ಲ. ಮೇಲೆ ಮ್ಯಾಲಿ ಅಂತ ಕರೆಯುವ, ನೀಲಗಿರಿ ಜಾತಿಯ ಗಿಡ್ಡ ಮರಗಳಿದ್ದವು. ಅವುಗಳ ಬೇರು ಆಳ, ವರ್ಷವಿಡೀ ಹಸಿರು; ಬಿದ್ದ ಮಳೆಯನ್ನು ಹೆಚ್ಚುಕಡಿಮೆ ಅವೇ ಕುಡಿದು ಮುಗಿಸುತ್ತಿದ್ದವು.

ಅವನ್ನು ಕಡಿದು ಗೋಧಿ ಬಿತ್ತಿದರು. ಗೋಧಿಯ ಬೇರು ಮೇಲೆಮೇಲೆ, ಅದೂ ವರ್ಷದಲ್ಲಿ ಕೆಲವೇ ತಿಂಗಳು. ಮಿಕ್ಕ ಮಳೆ ಕೆಳಗಿಳಿಯತೊಡಗಿತು. ಅಂತರ್ಜಲ ವರ್ಷವರ್ಷ ಏರಿತು, ಕೂತಿದ್ದ ಉಪ್ಪನ್ನು ಕರಗಿಸಿಕೊಂಡೇ ಏರಿತು. ನೀರು ನೆಲಮಟ್ಟಕ್ಕೆ ಸುಮಾರು 2 ಮೀಟರ್ ಹತ್ತಿರ ಬಂದರೆ ಸಾಕು, ಬತ್ತಿ ಎಣ್ಣೆ ಎಳೆದಂತೆ ಮಣ್ಣು ಅದನ್ನು ಮೇಲಕ್ಕೆಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ನಾನು ಅಳತೆಗೆ ಹೋಗುತ್ತಿದ್ದ ಒಂದು ಹೊಲದಲ್ಲಿ ಸಣ್ಣ ಪೈಪು ಹುಗಿದಿದ್ದರು. ಟೇಪು ಇಳಿಬಿಟ್ಟು, ತುದಿಯ ತೂಕ ನೀರಿಗೆ ತಾಗಿ 'ಟಪ್' ಅಂದ ಕೂಡಲೇ ಮಟ್ಟ ಬರೆದುಕೊಳ್ಳಬೇಕು. ತಗ್ಗಿನ ಪೈಪಿನಲ್ಲಿ ಟೇಪು ನನ್ನ ಮೊಣಕಾಲಿನ ಉದ್ದವೂ ಇಳಿಯಲಿಲ್ಲ. ಸುತ್ತ ಬೂಟಿನಡಿ ಹಪ್ಪಳ ಮುರಿದಂತೆ ಉಪ್ಪಿನ ಪದರ, ಬೆಳ್ಳಗೆ ಒಣಗಿ ನಿಂತ ಮರಗಳು. ತಾತನ ಕಾಲದಲ್ಲಿ ಅದೇ ಹಳ್ಳದಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು ಅಂತ ಹೊಲದವರು ತೋರಿಸಿದರು. ಆ ದಿನ ನನಗೆ ಮಾತೇ ಹೊರಡಲಿಲ್ಲ.

ಯಾರಿಗೂ ಗೊತ್ತಿಲ್ಲದೆ ಆದದ್ದಲ್ಲ ಅನ್ನುವುದೇ ನನ್ನ ಸಂಕಟ. ರೈಲು ಎಂಜಿನ್ನಿನ ಬಾಯ್ಲರಿಗೆ ಸಿಹಿನೀರು ಬೇಕಿತ್ತು. ತೊರೆಗಳು ಉಪ್ಪಾಗುತ್ತಿರುವುದನ್ನು ಕಂಡ ರೈಲ್ವೆ ಎಂಜಿನಿಯರ್ ಡಬ್ಲ್ಯು. ಇ. ವುಡ್, ಕಾಡು ಕಡಿದದ್ದೇ ಕಾರಣ ಅಂತ 1924ರಲ್ಲೇ ಪ್ರಬಂಧ ಬರೆದರು. ಆಮೇಲೂ ಕಡಿದರು. 1960ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ವರ್ಷಕ್ಕೆ 10 ಲಕ್ಷ ಎಕರೆ ಹೊಸ ಜಮೀನು ಹಂಚುವ ಗುರಿಯನ್ನೇ ಇಟ್ಟುಕೊಂಡಿತ್ತು. ಈಗ ಆ ರಾಜ್ಯದಲ್ಲಿ 10 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಸವಳಾಗಿದೆ.

ಇನ್ನೊಬ್ಬ ಸದಸ್ಯರು: ಸರ್, ನೀರು ಏರಿದ್ದೇ ತೊಂದರೆಯಾದರೆ ಕೊಳವೆಬಾವಿ ಹಾಕಿ ಎಳೆದುಬಿಡಬಹುದಲ್ವಾ?

ಉತ್ತರ: ಎಳೆಯಬಹುದು, ಸುರಿಯುವುದೆಲ್ಲಿ? ಕೆಲವು ಕಡೆ ಅದು ಸಮುದ್ರದ ನೀರಿಗಿಂತ ಉಪ್ಪು. ಪಕ್ಕದವರ ಹೊಲಕ್ಕೋ ಕೆರೆಗೋ ಬಿಟ್ಟರೆ ಅವರ ಗತಿ?

ಎಳೆದು ಕೆಟ್ಟ ಕಥೆ ಅದೇ ಖಂಡದ ಪೂರ್ವದಲ್ಲಿದೆ. ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲ ಭಂಡಾರ ಖಂಡದ ಐದನೇ ಒಂದು ಭಾಗಕ್ಕೂ ಹೆಚ್ಚಿನ ನೆಲದಡಿ ಹಬ್ಬಿದೆ. 1878ರಲ್ಲಿ ಬರ್ಕ್ ಊರಿನ ಹತ್ತಿರ ಮೊದಲ ಬಾವಿ ಕೊರೆದಾಗ ನೀರು ತಾನಾಗಿ ಚಿಮ್ಮಿತು. ಆಮೇಲೆ ಸಾವಿರಾರು ಬಾವಿಗಳು. ನೀರನ್ನು ದನಕುರಿಗೆಂದು ತೆರೆದ ಕಾಲುವೆಯಲ್ಲಿ ಹಗಲೂ ರಾತ್ರಿ ಹರಿಯಬಿಟ್ಟರು, ಶೇ. 95ರವರೆಗೂ ಇಂಗಿಯೋ ಆವಿಯಾಗಿಯೋ ಹೋಗುತ್ತಿತ್ತು. ಒತ್ತಡ ಇಳಿದು ಎಷ್ಟೋ ಬಾವಿಗಳು ಚಿಮ್ಮುವುದನ್ನು ನಿಲ್ಲಿಸಿದವು. ಮೂಲನಿವಾಸಿಗಳು ಮರುಭೂಮಿಯಲ್ಲಿ ದಾರಿ ನಡೆದದ್ದೇ ಈ ಭಂಡಾರದ ಒರತೆಗಳನ್ನು ನಂಬಿ. ಅವುಗಳಲ್ಲೂ ಹಲವು ಬತ್ತಿದವು. 1999ರಿಂದ ಸರ್ಕಾರಗಳು ಮತ್ತು ಜಮೀನಿನವರು ಹಣ ಸೇರಿಸಿ ಬಾವಿಗಳಿಗೆ ವಾಲ್ವ್, ಕಾಲುವೆಯ ಬದಲು ಪೈಪು ಹಾಕಿಸಿದರು. ಕೆಲವೆಡೆ ಒತ್ತಡ ಮತ್ತೆ ಏರಿದೆ.

ಮೊದಲು ಕೇಳಿದವರು: ಹಾಗಾದರೆ ಗೋಧಿ ಸೀಮೆಯಲ್ಲಿ ಮತ್ತೆ ಮರ ನೆಟ್ಟರೆ ಸರಿಹೋಗುತ್ತಾ ಸರ್?

ಉತ್ತರ: ಪೂರ್ತಿ ಅಲ್ಲ ಮೇಡಂ. ಹೊಲದಂಚಿನಲ್ಲಿ ಎರಡು ಸಾಲು ನೆಟ್ಟರೆ ಆ ಸಾಲಿನಡಿ ಮಾತ್ರ ನೀರು ಇಳಿಯುತ್ತದೆ. ಇಡೀ ಇಳಿಜಾರು ಸುಧಾರಿಸಬೇಕಾದರೆ ದೊಡ್ಡ ಪಾಲು ನೆಲವನ್ನೇ ಮರಕ್ಕೆ ಬಿಡಬೇಕು, ದಶಕಗಟ್ಟಲೆ ಕಾಯಬೇಕು. ಬದುಕು ನಡೆಯಬೇಕಾದ ರೈತರಿಗೆ ಅದು ಸುಲಭವಲ್ಲ. ಅದಕ್ಕೇ ಕೆಲವರು ದಿಬ್ಬದ ಕಡೆ ಆಳ ಬೇರಿನ ಕುದುರೆಮೆಂತ್ಯ, ಸವಳಾದ ತಗ್ಗಿನಲ್ಲಿ ಸಾಲ್ಟ್‌ಬುಷ್ ಹಾಕುತ್ತಾರೆ. ಸಾಲ್ಟ್‌ಬುಷ್ ಉಪ್ಪು ತಡೆಯುವ ಬೂದುಬಣ್ಣದ ಪೊದೆ, ಕುರಿಗಳು ಮೇಯುತ್ತವೆ. ನಾನು ಹೇಳಿದ ಹೊಲದವರೂ ಅದನ್ನೇ ಹಾಕಿದ್ದರು. ಗೋಧಿ ಅಲ್ಲಿಗೆ ಮರಳಿರಲಿಲ್ಲ, ಆದರೆ ಪೊದೆಗಳ ನಡುವೆ ಕುರಿಗಳಿದ್ದವು.